ಮೊದಲ ಅಧ್ಯಾಯ ಎಲ್ಲಿಂದ ಶುರುವಾಗಬೇಕು?

1940ರ ದಶಕದ ಕೊನೆಯ ಮಾತು. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರದ ಅಧ್ಯಾಪಕರೆಲ್ಲ ಸೇರಿ, ತಮ್ಮ ವಿದ್ಯಾರ್ಥಿಗಳು ಓದಲೇಬೇಕಾದ ವಿಷಯಗಳ ಪಟ್ಟಿ ಮಾಡುತ್ತಿದ್ದರು. ಯುಜೀನ್ ಓಡಮ್ ಎಂಬ ತರುಣ ಪ್ರಾಣಿಶಾಸ್ತ್ರಜ್ಞರು ಇಕಾಲಜಿಯೂ ಆ ಪಟ್ಟಿಯಲ್ಲಿರಲಿ ಎಂದರು. ಉಳಿದವರು ನಕ್ಕುಬಿಟ್ಟರು. ಅವರ ಪಾಲಿಗೆ ಇಕಾಲಜಿಯೆಂದರೆ ಊರೂರು ಸುತ್ತಿ ಗಿಡ, ಹಕ್ಕಿಗಳ ಹೆಸರು ಬರೆದುಕೊಂಡು ಬರುವ ಹವ್ಯಾಸ. ಅದರಲ್ಲಿ ಕಲಿಸುವಂಥ ಮೂಲತತ್ತ್ವ ಏನಿದೆ? ಆಗ ಎತ್ತಿ ತೋರಿಸೋಣವೆಂದರೆ ಓಡಮ್ ಬಳಿ ತಾವು ಬಯಸುವಂಥ ಒಂದು ಪುಸ್ತಕವೂ ಇರಲಿಲ್ಲ. ಹಾಗಾಗಿ ತತ್ತ್ವಗಳ ಪಟ್ಟಿ ಮಾಡಲು ಕೂತರು. ಆ ಪಟ್ಟಿಯೇ ಬೆಳೆದು 1953ರಲ್ಲಿ 'ಫಂಡಮೆಂಟಲ್ಸ್ ಆಫ್ ಇಕಾಲಜಿ' ಆಯಿತು.

ಪಠ್ಯಪುಸ್ತಕವೆಂದರೆ ಶಾಸ್ತ್ರ ಬೆಳೆದು ನಿಂತ ಮೇಲೆ ಅದನ್ನು ಸುಲಭ ಮಾಡಿ ಹೇಳುವ ಕೆಲಸ ಎಂದು ನಾವು ಅಂದುಕೊಂಡಿರುತ್ತೇವೆ. ಇಲ್ಲಿ ಪಠ್ಯಪುಸ್ತಕವೇ ಶಾಸ್ತ್ರಕ್ಕೆ ಒಂದು ಆಕಾರ ಕೊಟ್ಟಿತು. ಇಕಾಲಜಿಯಲ್ಲಿ ಹೀಗಾಗಿದ್ದು ಅದು ಮೊದಲ ಸಲವೂ ಅಲ್ಲ. ಡೆನ್ಮಾರ್ಕಿನ ಯೂಜೀನ್ ವಾರ್ಮಿಂಗ್ ಕೋಪನ್‌ಹೇಗನ್ನಿನ ತಮ್ಮ ಪಾಠಗಳನ್ನೇ 1895ರಲ್ಲಿ ಪುಸ್ತಕ ಮಾಡಿದ್ದರು. ಷಿಕಾಗೋದ ಹೆನ್ರಿ ಕೌಲ್ಸ್ ಆ ಪುಸ್ತಕ ಓದುವುದಕ್ಕೆಂದೇ ಡೇನಿಷ್ ಕಲಿತು, ಆಮೇಲೆ ಮಿಷಿಗನ್ ಸರೋವರದ ಮರಳುದಿಬ್ಬಗಳಿಗೆ ನಡೆದರಂತೆ. ಒಂದು ಪುಸ್ತಕಕ್ಕಾಗಿ ಒಂದು ಭಾಷೆ ಕಲಿಯುವ ವಿದ್ಯಾರ್ಥಿ ಯಾವ ಕಾಲದಲ್ಲೂ ಅಪರೂಪವೇ.

ಓಡಮ್ ಪುಸ್ತಕದ ಹೊಸತನ ಅದರ ಮಾಹಿತಿಯಲ್ಲಿರಲಿಲ್ಲ, ಕ್ರಮದಲ್ಲಿತ್ತು. ಒಂದು ಜೀವಿ, ಅದರ ಗುಂಪು, ಗುಂಪುಗಳ ಸಮುದಾಯ ಎಂದು ಕೆಳಗಿನಿಂದ ಮೆಟ್ಟಿಲು ಹತ್ತುವ ಬದಲು ಅವರು ಮೇಲಿನಿಂದ ಇಳಿದರು. ಪುಸ್ತಕದ ಆರಂಭದಲ್ಲೇ ಇಡೀ ಕೆರೆ ಕಣ್ಣೆದುರು ಬರುತ್ತದೆ: ನೀರು, ಬಿಸಿಲು, ಪಾಚಿ, ಮೀನು, ತಳದ ಕೆಸರಿನ ಬ್ಯಾಕ್ಟೀರಿಯಾ ಎಲ್ಲ ಒಟ್ಟಿಗೆ. ಇಂಥ ಒಟ್ಟು ವ್ಯವಸ್ಥೆಗೆ ಇಂಗ್ಲೆಂಡಿನ ಟಾನ್ಸ್‌ಲಿ 1935ರಲ್ಲೇ 'ಇಕೋಸಿಸ್ಟಮ್' ಎಂದು ಹೆಸರಿಟ್ಟಿದ್ದರು. ಸರೋವರವೊಂದರಲ್ಲಿ ಶಕ್ತಿ ಹೇಗೆ ಹಂತಹಂತವಾಗಿ ಕೈ ಬದಲಾಯಿಸುತ್ತದೆ ಎಂದು ರೇಮಂಡ್ ಲಿಂಡ್‌ಮನ್ 1942ರ ಪ್ರಬಂಧದಲ್ಲಿ ಬರೆದಿದ್ದರು. ಪರಿಶೀಲಕರು ಮೊದಲು ತಿರಸ್ಕರಿಸಿದ್ದ ಆ ಪ್ರಬಂಧ ಅಚ್ಚಾಗಿ ಬರುವ ಹೊತ್ತಿಗೆ ಲಿಂಡ್‌ಮನ್ ತೀರಿಕೊಂಡಿದ್ದರು. ಇನ್ನೂ ಇಪ್ಪತ್ತೇಳು ತುಂಬಿರಲಿಲ್ಲ. ಈ ಚದುರಿದ ಎಳೆಗಳನ್ನು ಓಡಮ್ ಮೊದಲ ವರ್ಷದ ಹುಡುಗರ ಕೈಗೆ ಸಿಗುವಂತೆ ಹೆಣೆದರು. ಶಕ್ತಿಯ ಲೆಕ್ಕದ ಭಾಗಕ್ಕೆ ಯೇಲ್‌ನಲ್ಲಿ ಓದಿದ್ದ ತಮ್ಮ ಹೊವರ್ಡ್ ನೆರವಾದರು. ಇಬ್ಬರ ತಂದೆ ಸಮಾಜಶಾಸ್ತ್ರಜ್ಞ. ಬಿಡಿಯನ್ನಲ್ಲ, ಇಡಿಯನ್ನು ನೋಡಿ ಎನ್ನುವ ಹಟ ಆ ಮನೆಯಿಂದಲೇ ಬಂದಿರಬೇಕು.

ಒಂದೇ ವರ್ಷದ ಅಂತರದಲ್ಲಿ, 1954ರಲ್ಲಿ, ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನ ಪುಸ್ತಕ ಬಂತು. ಬರೆದವರು ಆಸ್ಟ್ರೇಲಿಯಾದ ಆಂಡ್ರೂವಾರ್ಥಾ ಮತ್ತು ಬರ್ಚ್. ಅವರ ಹಿಂದಿದ್ದದ್ದು ಕೆರೆಯಲ್ಲ, ಅಡಿಲೇಡಿನ ಗುಲಾಬಿ ಹೂಗಳಲ್ಲಿ ಕೂರುವ ಥ್ರಿಪ್ಸ್ ಎಂಬ ಕಣ್ಣಿಗೆ ಕಾಣಿಸಿಯೂ ಕಾಣಿಸದಂಥ ಹುಳು. ಡೇವಿಡ್‌ಸನ್ ಮತ್ತು ಅವರ ಜೊತೆಗಾರರು ಹದಿನಾಲ್ಕು ವರ್ಷ ಹೂ ಕಿತ್ತು ಹುಳು ಎಣಿಸಿದ್ದರು. ಯಾವ ವರ್ಷ ಹುಳು ಜಾಸ್ತಿ, ಯಾವ ವರ್ಷ ಕಡಿಮೆ ಎನ್ನುವುದನ್ನು ಬಹುಮಟ್ಟಿಗೆ ಹವಾಮಾನವೇ ಹೇಳುತ್ತಿತ್ತು. ಹಾಗಾಗಿ ಈ ಇಬ್ಬರ ಪ್ರಶ್ನೆ ಸರಳ: ಈ ಪ್ರಾಣಿ ಇಲ್ಲಿ ಏಕಿದೆ, ಅಲ್ಲಿ ಏಕಿಲ್ಲ, ಇಷ್ಟೇ ಏಕಿದೆ? ಪ್ರಕೃತಿಯ ಸಮತೋಲನ ಎಂಬ ಮಾತಿನಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. 1972ರಲ್ಲಿ ಬಂದ ಚಾರ್ಲ್ಸ್ ಕ್ರೆಬ್ಸ್ ಅವರ ಪಠ್ಯವೂ ಇದೇ ಪ್ರಶ್ನೆಯನ್ನು ಮುಖಪುಟಕ್ಕೇ ತಂದಿತು.

ಇಲ್ಲಿಂದ ಮುಂದೆ ಇಕಾಲಜಿ ಪಠ್ಯ ಆರಿಸುವುದೆಂದರೆ, ಆರಿಸುವವರಿಗೆ ಗೊತ್ತಿರಲಿ ಬಿಡಲಿ, ಈ ಎರಡರಲ್ಲಿ ಒಂದು ಪಕ್ಷ ಹಿಡಿಯುವುದಾಯಿತು. ಓಡಮ್‌ನಿಂದ ಶುರು ಮಾಡಿದ ವಿದ್ಯಾರ್ಥಿಗೆ ಪ್ರಕೃತಿ ಒಂದು ದೊಡ್ಡ ಮನೆ. ಎಲ್ಲರಿಗೂ ಒಂದೊಂದು ಕೆಲಸ, ಎಲ್ಲದಕ್ಕೂ ಲೆಕ್ಕ. ಕ್ರೆಬ್ಸ್‌ನಿಂದ ಶುರು ಮಾಡಿದವನಿಗೆ ಅದು ಸಂತೆ. ಬಂದವರು ಏಕೆ ಬಂದರು ಎಂದು ಒಬ್ಬೊಬ್ಬರನ್ನೇ ಕೇಳಬೇಕು. 1986ರಲ್ಲಿ ಬ್ರಿಟನ್ನಿನಿಂದ ಬಂದ ಬೆಗನ್, ಹಾರ್ಪರ್, ಟೌನ್‌ಸೆಂಡ್ ಅವರ ಪುಸ್ತಕದ ಉಪಶೀರ್ಷಿಕೆ ಜೀವಿ, ಗುಂಪು, ಸಮುದಾಯಗಳಿಗೇ ನಿಂತಿತ್ತು. 2006ರ ನಾಲ್ಕನೇ ಆವೃತ್ತಿಯ ಹೊತ್ತಿಗೆ ಆ ಸಾಲು ಇಕೋಸಿಸ್ಟಮ್‌ವರೆಗೆ ಉದ್ದವಾಯಿತು. ಐವತ್ತು ವರ್ಷದ ಜಗಳದಲ್ಲಿ ಓಡಮ್ ಎಷ್ಟು ಗೆದ್ದರು ಎನ್ನುವುದನ್ನು ಆ ಉಪಶೀರ್ಷಿಕೆಯಲ್ಲೇ ಓದಬಹುದು.

ನಮ್ಮ ಕಾಲೇಜುಗಳ ಕಥೆ ಬೇರೆ. ಕನ್ನಡದಲ್ಲಿ 'ಪರಿಸರ' ಎಂಬ ಒಂದೇ ಪದ ಎರಡು ಹೊರೆ ಹೊತ್ತಿದೆ: ಶಾಸ್ತ್ರವೂ ಅದೇ, ಕಾಳಜಿಯೂ ಅದೇ. 1991ರಲ್ಲಿ ಸುಪ್ರೀಂ ಕೋರ್ಟ್ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಹೇಳಿದ ಮೇಲೆ, ಪದವಿ ತರಗತಿಗಳಿಗೆಲ್ಲ ಒಂದು ಸಾಮಾನ್ಯ ಪಠ್ಯಕ್ರಮ ಬಂತು. ಪುಣೆಯ ಎರಾಕ್ ಭರೂಚಾ ಯುಜಿಸಿಗಾಗಿ ಬರೆದ ಪುಸ್ತಕ ಬಂತು. ಅದು ಒಳ್ಳೆಯ ಉದ್ದೇಶದ ಕೆಲಸವೇ. ಆದರೆ ಮಾಲಿನ್ಯ, ಕಾನೂನು, ಸಂಪನ್ಮೂಲಗಳ ನಡುವೆ ಇಕಾಲಜಿಗೆ ಸಿಗುವುದು ಒಂದು ಘಟಕ ಮಾತ್ರ. ಆ ಘಟಕದಲ್ಲಿ ನಮ್ಮ ಮಕ್ಕಳು ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಎಂದು ಬಾಯಿಪಾಠ ಮಾಡಿ ಹೊರಬರುತ್ತಾರೆ. ಓಡಮ್ ಸಹೋದ್ಯೋಗಿಗಳು ಯಾವುದಕ್ಕೆ ನಕ್ಕಿದ್ದರೋ ಆ ಪಟ್ಟಿಯೇ ತಿರುಗಿ ಬಂದಂತೆ.

ಹೊರಗಿನ ಪುಸ್ತಕಗಳಲ್ಲಿ ನಮಗೆ ಬೇಕಾದದ್ದು ಒಂದು ಸುಲಭವಾಗಿ ಸಿಗುವುದಿಲ್ಲ: ಕಾಡಿನೊಳಗಿನ ಮನುಷ್ಯ. 1970ರ ದಶಕದಲ್ಲಿ ಮಾಧವ ಗಾಡ್ಗೀಳರು ಉತ್ತರ ಕನ್ನಡದ ಬಿದಿರು ಏಕೆ ಕ್ಷೀಣಿಸುತ್ತಿದೆ ಎಂದು ನೋಡಲು ಹೋದರು. ಬಿದಿರುಮೆಳೆ ಚೆನ್ನಾಗಿ ಬೆಳೆಯಲಿ ಎಂದು ಅದರ ಬುಡದ ಮುಳ್ಳುಹೊದಿಕೆಯನ್ನು ಸವರಿ ಚೊಕ್ಕಟ ಮಾಡುತ್ತಿದ್ದರು. ಮುಳ್ಳು ಹೋದ ಮೇಲೆ ಎಳೆಯ ಕಳಲೆ ದನಕ್ಕೂ ಕಾಡುಪ್ರಾಣಿಗಳಿಗೂ ಸಲೀಸಾಗಿ ಸಿಕ್ಕಿತು, ಹೊಸ ಬಿದಿರು ಏಳಲಿಲ್ಲ. ಊರವರಿಗೆ ಇದು ಗೊತ್ತಿತ್ತು. ಗಿಡ, ಮೇಯುವ ಪ್ರಾಣಿ, ಕತ್ತಿ ಹಿಡಿದ ಮನುಷ್ಯ, ಮೆಳೆಗಾಗಿ ಕಾದಿರುವ ಕಾಗದದ ಕಾರ್ಖಾನೆ: ಇಷ್ಟೂ ಇರುವ ಒಂದು ಮೊದಲ ಅಧ್ಯಾಯ ಬರೆಯಲು ಬೇರೆ ಉದಾಹರಣೆ ಹುಡುಕಬೇಕಿಲ್ಲ.

ಯಾವುದನ್ನು ಆರಿಸಲಿ ಎಂದು ಅಧ್ಯಾಪಕರಾರಾದರೂ ಕೇಳಿದರೆ, ಓಡಮ್ ಒಂದು ಕೈಯಲ್ಲಿರಲಿ ಎನ್ನುತ್ತೇನೆ. ಹಳೆಯ 1971ರ ಆವೃತ್ತಿಯಾದರೂ ಸರಿ. ಇನ್ನೊಂದು ಕೈಗೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ರಾಮದೇವ ಮಿಶ್ರರ 'ಇಕಾಲಜಿ ವರ್ಕ್‌ಬುಕ್'. 1968ರದು, ಮುದ್ರಣ ಈಗ ಮಸುಕಾಗಿ ಕಾಣುತ್ತದೆ. ಅದು ಸಿದ್ಧಾಂತ ಒಪ್ಪಿಸುವ ಪುಸ್ತಕವಲ್ಲ, ಕೆಲಸಕ್ಕೆ ಹಚ್ಚುವ ಪುಸ್ತಕ. ಹುಲ್ಲುಗಾವಲಿಗೆ ಹೋಗಿ, ದಾರದಲ್ಲಿ ಒಂದು ಚೌಕ ಹಾಕಿ, ಒಳಗೆ ಏನೇನಿದೆ ಎಣಿಸಬೇಕು. ನಮ್ಮ ವಿಶ್ವವಿದ್ಯಾಲಯಗಳ ಪ್ರಬಂಧಗಳಲ್ಲಿ ಅದರ ಹೆಸರು ಇಂದಿಗೂ ಕಾಣಿಸುತ್ತದೆ. ಜೂನ್‌ನಲ್ಲಿ ತರಗತಿ ಶುರುವಾಗುವ ಹೊತ್ತಿಗೆ ಕಾಲೇಜಿನ ಹಿಂದಿನ ಬಯಲಿನಲ್ಲಿ ಮಳೆಗೆ ಹುಲ್ಲು ಎದ್ದಿರುತ್ತದೆ. ಚೌಕಕ್ಕೆ ಒಂದು ಮೀಟರ್ ದಾರ ಸಾಲದು, ನಾಲ್ಕು ಬೇಕು.