ಅಂಬಿನ ಅಲಗು ಮತ್ತು ಗರಿ

ನಮ್ಮ ಶಿರಗುಪ್ಪಿ ಕೃಷ್ಣೆಯ ಸೀಮೆಯ ಊರು. ಸುತ್ತೆಲ್ಲ ಕಬ್ಬಿನ ಗದ್ದೆ. ಚಳಿಗಾಲದಲ್ಲಿ ಕಬ್ಬು ಸೂಲಂಗಿ ಬಿಟ್ಟಿತೆಂದರೆ ನಮ್ಮ ಬಾಲ್ಯದ ಧನುರ್ವಿದ್ಯೆಗೆ ಸುಗ್ಗಿ. ಸೂಲಂಗಿಯ ದಂಟು ಹಗುರ, ನೆಟ್ಟಗೆ, ಗಂಟಿಲ್ಲದ್ದು. ಅದರ ತುದಿಗೆ ಜಾಲಿಯ ಮುಳ್ಳು ಸಿಕ್ಕಿಸಿ, ಬಿದಿರ ಸೀಳಿನ ಬಿಲ್ಲಿಗೆ ಹೂಡಿ ಬಿಟ್ಟರೆ ಬಣವೆಗೆ ಹೋಗಿ ನಾಟುತ್ತಿತ್ತು. ಒಂದು ದಿನ ನನಗೆ ಮುಳ್ಳು ಸಾಕೆನಿಸಲಿಲ್ಲ. ಚಿತ್ರಪಟದ ರಾಮನ ಬಾಣದಂತೆ ಅಗಲ ಅಲಗು ಬೇಕೆಂದು ಹಳೆಯ ಡಬ್ಬಿಯ ತಗಡನ್ನು ಎಲೆಯಾಕಾರಕ್ಕೆ ಕತ್ತರಿಸಿ ದಂಟಿಗೆ ಸಿಕ್ಕಿಸಿದೆ. ಗುರಿ ಇಟ್ಟದ್ದು ಬಣವೆಗೆ. ಅಂಬು ಗಾಳಿಯಲ್ಲಿ ಹೊರಳಿ, ಪಕ್ಕಕ್ಕೆ ತಿರುಗಿ, ಆರು ಮಾರು ದೂರದಲ್ಲಿ ನಿಂತಿದ್ದ ಗೆಳೆಯನ ಹುಬ್ಬನ್ನು ಸೀಳಿತು. ಕಣ್ಣು ಉಳಿದದ್ದು ದೈವಕೃಪೆ. ಮನೆಯಲ್ಲಿ ಬಿದ್ದ ಪೆಟ್ಟುಗಳನ್ನು ಇಲ್ಲಿ ವರ್ಣಿಸುವುದಿಲ್ಲ. ಮರೆಯದೆ ಉಳಿದದ್ದು ಓಣಿಯ ಕಂಬಾರ ಅಜ್ಜ ಆ ಅಂಬನ್ನು ತಿರುಗಿಸಿ ನೋಡಿ ಆಡಿದ ಮಾತು: “ತಮ್ಮಾ, ಮುಂದ ರೆಕ್ಕಿ ಕಟ್ಟೀದಿ, ಹಿಂದ ಬಾಲಾನ ಇಲ್ಲ. ಅದು ನೆಟ್ಟಗ ಹೆಂಗ ಹೋದೀತು?”

ಮುಂದೆ ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವವನಾದೆ. ತುಂಗಭದ್ರೆಯ ದಡದ ಹಳ್ಳೂರಿನ ಪಾಠ ಬಂದಾಗ, ೧೯೬೫ರಲ್ಲಿ ಡಾ. ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನದಲ್ಲಿ ಕಬ್ಬಿಣದ ಬಾಣದ ಮೊನೆಗಳು ದೊರೆತವೆಂದೂ, ಆ ಸ್ತರದ ಕಾಲ ಕ್ರಿ.ಪೂ. ೧೦೦೦ದ ಆಸುಪಾಸೆಂದೂ ಹೇಳಿ ಮುಂದೆ ಸಾಗುತ್ತಿದ್ದೆ. ಒಮ್ಮೆ ಒಬ್ಬ ಹುಡುಗ ಎದ್ದು ನಿಂತು, “ಸರ್, ಬಾಣದ ತುದಿ ಬ್ಯಾರೆ ಬ್ಯಾರೆ ನಮೂನಿ ಯಾಕ ಇರತಾವ್ರಿ?” ಎಂದು ಕೇಳಿದ. “ಅಲಂಕಾರಕ್ಕೆ” ಎಂದುಬಿಟ್ಟೆ. ಆ ಉತ್ತರ ತಪ್ಪು. ನಿವೃತ್ತನಾದ ಮೇಲೆ ಬಿಡುವಿನಲ್ಲಿ ಓದುತ್ತ ಹೋದಂತೆ ಅದು ಎಷ್ಟು ತಪ್ಪೆಂಬುದು ಅರಿವಾಯಿತು. ಆ ಹುಡುಗ ಎಲ್ಲಿದ್ದಾನೋ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಕ್ರಿ.ಶ. ೧೩೬೩ರಲ್ಲಿ ಸಂಕಲಿತವಾದ ‘ಶಾರ್ಙ್ಗಧರ ಪದ್ಧತಿ’ಯ ಧನುರ್ವೇದ ಭಾಗದಲ್ಲಿ ಅಲಗಿನ ವಿಧಗಳ ಪಟ್ಟಿಯೇ ಇದೆ. ಆರಾಮುಖ, ಕ್ಷುರಪ್ರ, ಅರ್ಧಚಂದ್ರ, ಸೂಚೀಮುಖ, ಭಲ್ಲ, ವತ್ಸದಂತ, ಕಾಕತುಂಡ ಮುಂತಾದವು. ಹೆಸರುಗಳೇ ಆಕಾರವನ್ನು ಹೇಳುತ್ತವೆ. ಸೂಜಿಯಂಥದು ಕವಚವನ್ನು ಭೇದಿಸಲು. ಅಗಲವಾದದ್ದು, ಹರಿತವಾದದ್ದು ಕತ್ತರಿಸಲು. ಬೇಟೆಗೆ ಬೇಕಾದದ್ದು ಈ ಎರಡನೆಯ ಬಗೆ. ಗುಂಡು ಕೊಲ್ಲುವಂತೆ ಅಂಬು ಆಘಾತದಿಂದ ಕೊಲ್ಲುವುದಿಲ್ಲ. ರಕ್ತನಾಳವನ್ನು ಕತ್ತರಿಸಿ, ರಕ್ತಸ್ರಾವದಿಂದ ಕೊಲ್ಲುತ್ತದೆ. ಸೂಜಿಮೊನೆ ತಾಗಿದ ಜಿಂಕೆ ಅಂಬನ್ನು ಹೊತ್ತುಕೊಂಡೇ ಓಡಿ, ದಿನಗಟ್ಟಲೆ ನರಳಿ ಪೊದೆಯಲ್ಲೆಲ್ಲೋ ಸಾಯಬಹುದು. ಅಗಲ ಅಲಗು ಸರಿಯಾದ ಜಾಗಕ್ಕೆ ತಾಗಿದರೆ ಬೇಗ ಮುಗಿಸುತ್ತದೆ. ಆದರೆ ಆ ಅಗಲವೇ ಅಂಬನ್ನು ದಾರಿ ತಪ್ಪಿಸುತ್ತದೆ ಎಂಬುದು ಇಲ್ಲಿನ ತೊಡಕು. ಗುರಿ ಒಂದು ಗೇಣು ತಪ್ಪಿದರೂ ಹೊಟ್ಟೆಗೆ ತಾಗಿದ ಪ್ರಾಣಿಯ ಪಾಡು ಸೂಜಿಮೊನೆಯದಕ್ಕಿಂತ ಹೀನ.

ದಾರಿ ತಪ್ಪುವುದೇಕೆ? ಗಾಳಿಯ ದಿಕ್ಕು ತೋರುವ ತಗಡಿನ ಕೋಳಿಯನ್ನು ನೆನೆಯಿರಿ. ಅದರ ಬಾಲ ಅಗಲ, ಮೂತಿ ಸಣ್ಣದು. ಆದ್ದರಿಂದಲೇ ಮೂತಿ ಗಾಳಿಗೆದುರಾಗಿ ನಿಲ್ಲುತ್ತದೆ. ಹಾರುವ ಅಂಬಿಗೂ ಇದೇ ನಿಯಮ. ಗಾಳಿಯ ಒತ್ತಡ ಅದರ ತೂಕದ ಮಧ್ಯಬಿಂದುವಿಗಿಂತ ಹಿಂದೆ ಬೀಳಬೇಕು. ಮುಂದೆ ಅಗಲ ಅಲಗು ಇಟ್ಟೊಡನೆ ಅದು ಇನ್ನೊಂದು ಜೊತೆ ರೆಕ್ಕೆಯಾಗಿ ಗಾಳಿಯನ್ನು ಹಿಡಿಯುತ್ತದೆ. ಪರಿಹಾರಗಳು ಮೂರು: ಹಿಂದಿನ ಗರಿಯನ್ನು ದೊಡ್ಡದು ಮಾಡುವುದು, ಮುಂದಿನ ತೂಕವನ್ನು ಹೆಚ್ಚಿಸುವುದು, ಅಲಗನ್ನು ಕಣೆಯ ನೇರಕ್ಕೆ ಕೂದಲೆಳೆಯಷ್ಟೂ ಓರೆಯಿಲ್ಲದಂತೆ ಕೂಡಿಸುವುದು. ಕಂಬಾರ ಅಜ್ಜನ ಒಂದು ಮಾತಿನಲ್ಲಿ ಇದರ ಮುಖ್ಯ ಭಾಗವೆಲ್ಲ ಇತ್ತು.

ಧನುರ್ವೇದವೂ ಇದನ್ನೇ ಹೇಳುತ್ತದೆ. ನಾನು ಓದಿ ನಕ್ಕು ಬಿಟ್ಟಿದ್ದ ಭಾಗವದು. ಬಾಣಗಳಲ್ಲಿ ಹೆಣ್ಣು, ಗಂಡು, ನಪುಂಸಕ ಎಂದು ಮೂರು ಜಾತಿ! ಮುಂಭಾಗ ದಪ್ಪವಿದ್ದದ್ದು ಹೆಣ್ಣು, ದೂರ ಸಾಗುವುದು. ಹಿಂಭಾಗ ದಪ್ಪವಿದ್ದದ್ದು ಗಂಡು, ಗಟ್ಟಿಯಾದುದನ್ನು ಭೇದಿಸುವುದು. ಸಮವಾಗಿದ್ದದ್ದು ನಪುಂಸಕ, ಗುರಿಯ ಅಭ್ಯಾಸಕ್ಕೆ. ಲಿಂಗದ ಹೆಸರನ್ನು ಪಕ್ಕಕ್ಕಿಟ್ಟು ನೋಡಿದರೆ ಇದು ತೂಕದ ಹಂಚಿಕೆಯ ವಿಚಾರವೇ ಹೊರತು ಮೂಢನಂಬಿಕೆಯಲ್ಲ. ಗರಿಯ ಅಳತೆಯೂ ಅಲ್ಲಿದೆ: ಬಾಣಕ್ಕೆ ನಾಲ್ಕು ಗರಿ, ಒಂದೊಂದು ಆರು ಅಂಗುಲ, ಕೊಂಬಿನ ಬಿಲ್ಲಿನ ಬಾಣಕ್ಕಾದರೆ ಹತ್ತು ಅಂಗುಲ. ಆರು ಅಂಗುಲವೆಂದರೆ ಸುಮಾರು ನಾಲ್ಕೂವರೆ ಇಂಚು. ಇಂದು ಪಾಶ್ಚಾತ್ಯ ಬೇಟೆಗಾರರು ಅಗಲ ಅಲಗಿನ ಅಂಬಿಗೆ ಅಂಟಿಸುವ ಹಕ್ಕಿಗರಿಯೂ ನಾಲ್ಕೈದು ಇಂಚಿನದೇ.

ಬೇಟೆಯನ್ನು ಕಾನೂನು ಒಪ್ಪುವ ಆ ದೇಶಗಳಲ್ಲಿ ಅಂಬನ್ನು ಹದಗೊಳಿಸುವ ಕ್ರಮ ಸ್ವಾರಸ್ಯಕರ. ಅಲಗಿನ ತೂಕವನ್ನು ‘ಗ್ರೇನ್’ ಲೆಕ್ಕದಲ್ಲಿ ಕೊಳ್ಳುತ್ತಾರೆ. ನೂರು ಗ್ರೇನ್ ಎಂದರೆ ಆರೂವರೆ ಗ್ರಾಂ. ಅಲಗಿನ ತುದಿಯ ಮೇಲೆ ಅಂಬನ್ನು ಬುಗುರಿಯಂತೆ ತಿರುಗಿಸಿ, ಓಲಾಡಿದರೆ ಅದನ್ನು ಬೇರೆ ಇಡುತ್ತಾರೆ. ಬಳಿಕ ಅಷ್ಟೇ ತೂಕದ ಸಾದಾ ಮೊನೆಯ ಅಂಬನ್ನೂ ಅಲಗಿನ ಅಂಬನ್ನೂ ಒಂದೇ ಗುರಿಗೆ ಬಿಡುತ್ತಾರೆ. ಅಲಗಿನದು ಎಡಕ್ಕೆ ಬಿದ್ದರೆ, ಬಿಲ್ಲಿನಲ್ಲಿ ಅಂಬು ಒರಗುವ ಆಸರೆಯನ್ನು ಎಳ್ಳಷ್ಟು ಬಲಕ್ಕೆ ಸರಿಸಿ ಮತ್ತೆ ಬಿಡುವುದು. ಎರಡೂ ಒಂದೇ ಕಡೆ ನಾಟುವತನಕ ಇದೇ ಕೆಲಸ. ಕಣೆಯ ಬಾಗುವಿಕೆಯೂ ಬಿಲ್ಲಿನ ಬಲಕ್ಕೆ ಹೊಂದಬೇಕು. ಬಿಟ್ಟ ಅಂಬು ಹಾವಿನಂತೆ ಬಳುಕಿ ಬಿಲ್ಲನ್ನು ದಾಟುತ್ತದೆ ಎಂಬುದನ್ನು ೧೯೩೦ರ ದಶಕದಲ್ಲಿ ಅಮೆರಿಕದ ಹಿಕ್ಮನ್ ಎಂಬ ವಿಜ್ಞಾನಿ ಅತಿವೇಗದ ಛಾಯಾಚಿತ್ರಗಳಲ್ಲಿ ಹಿಡಿದು ತೋರಿಸಿದರು.

ನಮ್ಮಲ್ಲಿ ಈ ವಿದ್ಯೆಗೆ ಅರಮನೆಯ ಆಶ್ರಯವೂ ಇತ್ತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಶಸ್ತ್ರವಿನೋದ, ಮೃಗಯಾವಿನೋದಗಳಿಗೆ ಪ್ರತ್ಯೇಕ ಅಧ್ಯಾಯಗಳಿವೆ. ಬೇಲೂರಿನ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ಆದರೆ ವಿದ್ಯೆಯನ್ನು ಕೈಯಲ್ಲಿ ಉಳಿಸಿಕೊಂಡು ಬಂದವರು ರಾಜರಲ್ಲ, ಬೇಡರು ಮತ್ತು ಅಲಗು ಬಡಿದುಕೊಟ್ಟ ಕಂಬಾರರು. ಅವರು ಗ್ರಂಥ ಬರೆಯಲಿಲ್ಲ. ೧೮೫೭ರ ನಿಶ್ಶಸ್ತ್ರೀಕರಣದ ಕಾಯ್ದೆಗೆ ಮುಧೋಳ ಸೀಮೆಯ ಹಲಗಲಿಯ ಬೇಡರು ಎದುರು ನಿಂತು, ಹಲವರು ಗಲ್ಲಿಗೇರಿದ್ದನ್ನು ನಮ್ಮ ಭಾಗದವರಿಗೆ ಲಾವಣಿಗಳು ಹೇಳಿವೆ. ಆಯುಧವೆಂದರೆ ಅವರಿಗೆ ಹೊಟ್ಟೆಪಾಡೂ ಆಗಿತ್ತು, ಮಾನವೂ ಆಗಿತ್ತು. ಸ್ವತಂತ್ರ ಭಾರತದ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧದ ವ್ಯಾಖ್ಯೆಯಲ್ಲಿ ಬಿಲ್ಲುಬಾಣಗಳನ್ನು ಹೆಸರಿಸಿಯೇ ಸೇರಿಸಿದೆ. ಅದು ಸರಿಯೇ, ಉಳಿದಿರುವ ನಾಲ್ಕು ಜಿಂಕೆಗಳ ಮೇಲೆ ಅಂಬೇಕೆ? ಬೇಟೆ ನಿಂತದ್ದಕ್ಕೆ ನನಗೆ ದುಃಖವಿಲ್ಲ. ಅಲಗು ಬಡಿಯುವವನ ತಿಳಿವಳಿಕೆಯನ್ನು ಯಾರೂ ಬರೆದಿಡಲಿಲ್ಲವೆಂಬುದು ಮಾತ್ರ ಚುಚ್ಚುತ್ತದೆ. ಬರೆದಿಡಬಹುದಾಗಿದ್ದವರಲ್ಲಿ ನಾನೂ ಒಬ್ಬ; ಅಜ್ಜನ ಕುಲುಮೆ ನಮ್ಮ ಮನೆಯಿಂದ ನೂರು ಹೆಜ್ಜೆ ದೂರವಿರಲಿಲ್ಲ.

ಕಳೆದ ಸಂಕ್ರಾಂತಿಗೆ ಮೊಮ್ಮಗ ಬಂದಿದ್ದಾಗ ಸೂಲಂಗಿಯ ದಂಟಿಗೆ ಅಂಥದೇ ತಗಡಿನ ಅಲಗು ಸಿಕ್ಕಿಸಿದೆ. ಈ ಸಲ ಅಲಗಿನ ಬುಡಕ್ಕೆ ತಂತಿ ಬಿಗಿದು ತೂಕ ಕೊಟ್ಟು, ಹಿಂದೆ ಕೋಳಿಯ ಗರಿ ನಾಲ್ಕು ಅಂಟಿಸಿದೆ. ಹುಬ್ಬಿನ ಮೇಲೆ ಇಂದಿಗೂ ಕಲೆ ಹೊತ್ತಿರುವ ಗೆಳೆಯನನ್ನು ಸಾಕ್ಷಿಗೆ ಕರೆದೆ. ಆತ ಬಂದ, ಆದರೆ ನನ್ನ ಬೆನ್ನ ಹಿಂದೆ ನಿಂತ. ಅಂಬು ನೆಟ್ಟಗೆ ಹೋಗಿ ಬಣವೆಗೆ ನಾಟಿತು.