ನಿದ್ದೆಯಲ್ಲಿ ಸೋಲುವ ಉಸಿರು: ಫಾಕ್ಸ್-2ಬಿ ಜೀನು ಮತ್ತು ರಕ್ತಸಂಬಂಧದ ಗುಮಾನಿ

ನ್ಯುಮೋನಿಯಾ ಆದ ಹಸುಗೂಸು ಉಸಿರಿಗಾಗಿ ಹೆಣಗುತ್ತದೆ. ಮೂಗಿನ ಹೊಳ್ಳೆ ಅರಳುತ್ತದೆ, ಪಕ್ಕೆ ಒಳಕ್ಕೆ ಸೆಳೆಯುತ್ತದೆ. ಜನ್ಮಜಾತ ಕೇಂದ್ರೀಯ ಉಸಿರಾಟ ಕೊರತೆಯಿರುವ ಶಿಶುವಿನಲ್ಲಿ ಇದೊಂದೂ ಕಾಣದು. ಎಚ್ಚರವಿದ್ದಾಗ ಹೆಚ್ಚುಕಡಿಮೆ ಸರಿಯಾಗಿಯೇ ಉಸಿರಾಡುವ ಮಗುವಿಗೆ ನಿದ್ದೆ ಹತ್ತಿದೊಡನೆ ಉಸಿರು ತೆಳುವಾಗುತ್ತದೆ. ತುಟಿ ನೀಲಿಗಟ್ಟುತ್ತದೆ, ಮುಖದಲ್ಲಿ ಮಾತ್ರ ಯಾವ ಸಂಕಟವೂ ಇಲ್ಲ.

1970ರಲ್ಲಿ ರಾಬರ್ಟ್ ಮೆಲಿನ್ಸ್ ಮತ್ತು ಸಂಗಡಿಗರು ಇಂಥ ಶಿಶುವೊಂದರ ವಿವರ ದಾಖಲಿಸಿದರು. ಕಾರಣ ತಿಳಿಯಲು 33 ವರ್ಷ ಹಿಡಿಯಿತು. 2003ರಲ್ಲಿ ಫ್ರಾನ್ಸಿನ ಸಂಶೋಧಕರು 4ನೇ ವರ್ಣತಂತುವಿನ ಫಾಕ್ಸ್-2ಬಿ ಜೀನಿನಲ್ಲಿ ದೋಷ ಗುರುತಿಸಿದರು. ಈ ಜೀನಿನ ಪ್ರೋಟೀನಿನಲ್ಲಿ ಅಲನಿನ್ ಎಂಬ ಅಮೈನೋ ಆಮ್ಲ ಒಂದೆಡೆ ಸಾಲಾಗಿ 20 ಸಲ ಬರುತ್ತದೆ. ಬಹುಪಾಲು ರೋಗಿಗಳಲ್ಲಿ ಅದು 25, 26 ಅಥವಾ 27. ಸಾಲು ಉದ್ದವಾದಷ್ಟೂ ಸಾಮಾನ್ಯವಾಗಿ ರೋಗ ತೀವ್ರ.

ಉಸಿರಿನ ಲಯ ಹುಟ್ಟುವುದು ಮೆದುಳಕಾಂಡದ ಪ್ರಿಬೋಟ್‌ಜಿಂಗರ್ ಭಾಗದಲ್ಲಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದನ್ನು ಗ್ರಹಿಸಿ ಆ ಲಯವನ್ನು ಚುರುಕುಗೊಳಿಸುವುದು ಹತ್ತಿರದ ಇನ್ನೊಂದು ನರಕೋಶಗುಂಪು. ಅದು ರೂಪುಗೊಳ್ಳಲು ಫಾಕ್ಸ್-2ಬಿ ಬೇಕೇ ಬೇಕು. 27 ಅಲನಿನ್‌ಗಳ ದೋಷವನ್ನು ಇಲಿಗಳಲ್ಲಿ ಮೂಡಿಸಿದ 2008ರ ಪ್ರಯೋಗದಲ್ಲಿ ಈ ಕೋಶಗಳು ಬಹುತೇಕ ಕಾಣೆಯಾದವು, ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಸತ್ತವು.

ದಕ್ಷಿಣ ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ನಿಮ್ಹಾನ್ಸೂ ಅಕ್ಕಪಕ್ಕದಲ್ಲಿವೆ. ಆದರೂ ಜಯನಗರ, ಬನಶಂಕರಿಯ ಮನೆಗಳಲ್ಲಿ ಅಪರೂಪದ ಕಾಯಿಲೆಯ ಮಗು ಹುಟ್ಟಿದಾಗ ಮೊದಲು ಏಳುವ ಪ್ರಶ್ನೆ, "ಸಂಬಂಧದಲ್ಲೇ ಮದುವೆಯಾ?" ಪ್ರಶ್ನೆಗೆ ಬುಡವಿಲ್ಲದಿಲ್ಲ. 1980ರ ದಶಕದಲ್ಲಿ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಬೆಂಗಳೂರು–ಮೈಸೂರಿನ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗಿನದು. ಫಾಕ್ಸ್-2ಬಿ ಮಟ್ಟಿಗೆ ಮಾತ್ರ ಈ ಗುಮಾನಿ ಸಲ್ಲದು. ರಕ್ತಸಂಬಂಧದ ಮದುವೆಯಿಂದ ಹೆಚ್ಚುವುದು ಜೀನಿನ ಎರಡೂ ಪ್ರತಿ ಕೆಟ್ಟಾಗ ಬರುವ ರೋಗಗಳು; ಇಲ್ಲಿ ಕೆಟ್ಟ ಪ್ರತಿ ಒಂದಿದ್ದರೂ ರೋಗ ಬರುತ್ತದೆ, ಅದೂ ಹೆಚ್ಚಾಗಿ ಮಗುವಿನಲ್ಲೇ ಹೊಸದಾಗಿ ಹುಟ್ಟಿದ ದೋಷದಿಂದ. ಸೋದರಮಾವನನ್ನು ಕೈಹಿಡಿದ ತಾಯಿಯನ್ನು ಇದಕ್ಕಾಗಿ ದೂರುವುದು ಅನ್ಯಾಯ. ರಕ್ತಸಂಬಂಧದ ಮದುವೆಯ ಕುಟುಂಬವೊಂದರಲ್ಲಿ 2017ರಲ್ಲಿ ವರದಿಯಾದ ಮೈಯೋ-1ಎಚ್ ಜೀನಿನ ದೋಷ ಬೇರೆ ಬಗೆಯದು, ತೀರಾ ವಿರಳ.

ಗುಣಪಡಿಸುವ ಔಷಧವಿಲ್ಲ. ನಿದ್ದೆಯಲ್ಲಿ ವೆಂಟಿಲೇಟರ್, ಬೆರಳಿಗೆ ಆಕ್ಸಿಮೀಟರ್, ಕರೆಂಟು ಹೋದರೆ ಕೈಕೊಡದ ಬ್ಯಾಟರಿ: ಇಷ್ಟಿದ್ದರೆ ಮಗು ಶಾಲೆಗೆ ಹೋಗಬಲ್ಲದು, ದೊಡ್ಡದಾಗಬಲ್ಲದು. ಶ್ವಾಸಕೋಶ, ಹೃದಯ ಸರಿಯಿದ್ದೂ ಶಿಶು ನಿದ್ದೆಯಲ್ಲಿ ಉಸಿರು ಸೋತರೆ, ವೈದ್ಯರು ಕೈಚೆಲ್ಲುವ ಮೊದಲು ಫಾಕ್ಸ್-2ಬಿ ಪರೀಕ್ಷೆಗೆ ರಕ್ತ ಕಳಿಸಬೇಕು. ದೋಷ ಸಿಕ್ಕರೆ ತಂದೆತಾಯಿಯ ರಕ್ತವನ್ನೂ ಕಳಿಸಲಿ. ಕೆಲವರ ದೇಹದ ಒಂದು ಪಾಲು ಕೋಶಗಳಲ್ಲಿ ಅದೇ ದೋಷ ಅಡಗಿದ್ದು, ಮುಂದಿನ ಮಗುವಿಗೂ ದಾಟಬಹುದು.