ಕೆಲಸ ದುಬೈನಲ್ಲಿ, ಮನೆ ಎಲ್ಲಿ? ಸಣ್ಣ ಮಕ್ಕಳೊಂದಿಗೆ ಬರುವವರು ನೋಡಬೇಕಾದ್ದು

ಫ್ಯಾಮಿಲಿ ವೀಸಾ ಖಚಿತವಾದ ಕೂಡಲೇ ಏಳುವ ಪ್ರಶ್ನೆ ಮನೆಯದ್ದು. ಕೆಲಸ ದುಬೈನಲ್ಲಿದ್ದರೂ ಸಂಸಾರವನ್ನು ಶಾರ್ಜಾದಲ್ಲೋ ಅಜ್ಮಾನ್‌ನಲ್ಲೋ ಹೂಡುವ ಕನ್ನಡಿಗರು ಬಹಳ. ಕಾರಣ ಎಲ್ಲರಿಗೂ ಗೊತ್ತು, ಬಾಡಿಗೆ ಕಮ್ಮಿ. ಬ್ಯಾಚುಲರ್ ಆಗಿದ್ದಾಗ ಬೆಡ್ ಸ್ಪೇಸ್ ಹುಡುಕಿದ ಹಾಗೆಯೇ, ಗೆಳೆಯರು ತೋರಿಸಿದ ಬಿಲ್ಡಿಂಗ್‌ನಲ್ಲಿ ಫ್ಲ್ಯಾಟ್ ನೋಡಿ, ಚೆಕ್ ಕೊಟ್ಟು, ಆಮೇಲೆ ಮಗುವಿಗೆ ಶಾಲೆ ಹುಡುಕುವುದು ರೂಢಿಯಾಗಿದೆ. ಈ ಕ್ರಮವೇ ತಲೆಕೆಳಗು. ಸಣ್ಣ ಮಕ್ಕಳಿರುವವರು ಮೊದಲು ಶಾಲೆಯ ಸೀಟು ನೋಡಬೇಕು, ನಂತರ ಆ ಶಾಲೆಯ ಬಸ್ ಹತ್ತಿರದಲ್ಲೇ ಓಡಾಡುವ ಏರಿಯಾ, ಆಮೇಲೆ ಕೆಲಸಕ್ಕೆ ಹೋಗುವ ದಾರಿ. ಬಾಡಿಗೆ ಕೊನೆಗೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯುಎಇಯಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಮ್ ಸಂಬಳ, ಅಥವಾ 3,000 ದಿರ್ಹಮ್ ಮತ್ತು ಕಂಪೆನಿ ಕೊಡುವ ವಸತಿ ಇರಬೇಕು. ಅದು ವೀಸಾ ಸಿಗುವ ಮಿತಿ, ಸಂಸಾರ ನಡೆಯುವ ಮಿತಿ ಅಲ್ಲ. ಬಾಡಿಗೆ, ಶಾಲೆ ಫೀಸು, ಬಸ್ ಫೀಸು, ಇನ್ಶೂರೆನ್ಸ್ ಇಷ್ಟನ್ನು ಕಾಗದದ ಮೇಲೆ ಬರೆದ ನಂತರವೇ ಊರಿನಿಂದ ಟಿಕೆಟ್ ಮಾಡಿಸಬೇಕು.

ಬಾಡಿಗೆ ಕಮ್ಮಿ ಎಂಬ ಲೆಕ್ಕ

ಒಂದು ಉದಾಹರಣೆ ಹಿಡಿದು ನೋಡಬಹುದು. ಆಫೀಸು ಬರ್ ದುಬೈನಲ್ಲಿದೆ ಎಂದುಕೊಳ್ಳಿ. ಶಾರ್ಜಾದಲ್ಲಿ ಒಂದು ಫ್ಲ್ಯಾಟ್‌ಗೆ ವರ್ಷಕ್ಕೆ 50,000, ಅಂಥದ್ದೇ ಫ್ಲ್ಯಾಟ್‌ಗೆ ದುಬೈನ ಅಲ್ ಖುಸೈಸ್‌ನಲ್ಲಿ 60,000 ದಿರ್ಹಮ್ ಎಂದಿಟ್ಟುಕೊಳ್ಳೋಣ. ದುಬೈನಲ್ಲಿ ಬಾಡಿಗೆಯ ಶೇ. 5ರಷ್ಟು ಹೌಸಿಂಗ್ ಫೀ ದೇವಾ ಬಿಲ್ಲಿನ ಜೊತೆ ತಿಂಗಳು ತಿಂಗಳು ಸೇರಿ ಬರುತ್ತದೆ. 60,000ಕ್ಕೆ ಅದು ವರ್ಷಕ್ಕೆ 3,000. ಅಲ್ಲಿಗೆ ಶಾರ್ಜಾ 13,000 ದಿರ್ಹಮ್ ಅಗ್ಗ. ಖುಸೈಸ್‌ನಲ್ಲಿರುವವರು ಗ್ರೀನ್ ಲೈನ್ ಮೆಟ್ರೋದಲ್ಲಿ ಬರ್ ದುಬೈಗೆ ಹೋದರೆ ಸಿಲ್ವರ್ ನೋಲ್ ಕಾರ್ಡ್‌ನಲ್ಲಿ ಅಕ್ಕಪಕ್ಕದ ಎರಡು ಝೋನ್‌ಗೆ 5 ದಿರ್ಹಮ್, ದಿನಕ್ಕೆ 10. ತಿಂಗಳಿಗೆ 22 ದಿನದಂತೆ 11 ತಿಂಗಳಿಗೆ 2,420. ಇದನ್ನೂ ಸೇರಿಸಿದರೆ ಶಾರ್ಜಾದ ಲಾಭ 15,420.

ಇನ್ನು ಶಾರ್ಜಾದ ಕಡೆಯ ಖರ್ಚು. ಅಲ್ ಇತ್ತಿಹಾದ್ ರಸ್ತೆಯಲ್ಲಿ ಕಾರಿನಲ್ಲಿ ಬಂದರೆ ಅಲ್ ಮಮ್ಝರ್ ಸಾಲಿಕ್ ಗೇಟು, ನಂತರ ಖಾಡಿ ದಾಟಲು ಗರ್ಹೂದ್ ಅಥವಾ ಮಕ್ತೂಮ್ ಸೇತುವೆಯ ಗೇಟು. 2025ರ ಜನವರಿ 31ರಿಂದ ಸಾಲಿಕ್ ದರ ಸಮಯದ ಮೇಲೆ ನಿಂತಿದೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 8 ಗಂಟೆಯವರೆಗೆ ಗೇಟಿಗೆ 6 ದಿರ್ಹಮ್. ಹೋಗುವಾಗ 12, ಬರುವಾಗ 12. ತಿಂಗಳಿಗೆ 528, ಹನ್ನೊಂದು ತಿಂಗಳಿಗೆ 5,808. ಉಳಿದದ್ದು 9,600ರ ಆಸುಪಾಸು. ಇದರಲ್ಲಿ ಕಾರಿನ ಕಂತು, ಪೆಟ್ರೋಲ್, ಇನ್ಶೂರೆನ್ಸ್ ಕಳೆಯಬೇಕು. ಆಫೀಸಿನಲ್ಲಿ ಪಾರ್ಕಿಂಗ್ ಇಲ್ಲದಿದ್ದರೆ ಬರ್ ದುಬೈನ ಪಾರ್ಕಿಂಗ್ ಮೀಟರಿಗೇ ಉಳಿತಾಯ ಕರಗಿಹೋಗುತ್ತದೆ.

ಲೆಕ್ಕದಲ್ಲಿ ಬಾರದ್ದು ಸಮಯ. ಶಾರ್ಜಾ–ದುಬೈ ರಸ್ತೆಯಲ್ಲಿ ದಿನಕ್ಕೆ ಎರಡು ಗಂಟೆ ಹೆಚ್ಚು ಹೋಯಿತು ಎಂದರೂ ವರ್ಷಕ್ಕೆ 484 ಗಂಟೆ. ಬೆಳಿಗ್ಗೆ ಐದೂವರೆಗೆ ಮನೆ ಬಿಡುವಾಗ ಮಗು ಎದ್ದಿರುವುದಿಲ್ಲ, ರಾತ್ರಿ ಎಂಟೂವರೆಗೆ ಬಂದಾಗ ಮಲಗಿರುತ್ತದೆ. ಹೆಂಡತಿ ಮಕ್ಕಳು ಮಂಗಳೂರಿನಲ್ಲಿದ್ದಾಗ ವಿಡಿಯೋ ಕಾಲ್‌ನಲ್ಲಾದರೂ ಮಗು ಮಾತಾಡುತ್ತಿತ್ತು, ಈಗ ಒಂದೇ ಮನೆಯಲ್ಲಿದ್ದೂ ಶನಿವಾರಕ್ಕೆ ಕಾಯಬೇಕು ಎಂಬಂಥ ಸ್ಥಿತಿ.

ಹಾಗಂತ ಶಾರ್ಜಾ ಬೇಡವೇ ಬೇಡ ಎಂದಲ್ಲ. ಕೆಲಸದ ಜಾಗ ರಾಶಿದಿಯಾ, ರಾಸ್ ಅಲ್ ಖೋರ್, ಏರ್‌ಪೋರ್ಟ್ ಫ್ರೀ ಝೋನ್ ಕಡೆಗಿದ್ದರೆ, ಅಥವಾ ಶೇಖ್ ಮೊಹಮ್ಮದ್ ಬಿನ್ ಝಾಯೆದ್ ರಸ್ತೆ, ಅಂದರೆ ಇ-311, ಹಿಡಿದೇ ತಲುಪುವಂತಿದ್ದರೆ ಸಾಲಿಕ್ ಗೇಟು ತಪ್ಪಿಸಿ ಹೋಗಬಹುದು. ಶಿಫ್ಟ್ ಡ್ಯೂಟಿಯವರಿಗಂತೂ ಬೇರೆಯೇ ಲೆಕ್ಕ. ಮಧ್ಯಾಹ್ನ ಎರಡಕ್ಕೆ ಹೋಗಿ ರಾತ್ರಿ ಹನ್ನೊಂದಕ್ಕೆ ಬರುವವರಿಗೆ ಅದೇ ರಸ್ತೆ ಖಾಲಿ.

ಶಾಲೆ ಯಾವ ಎಮಿರೇಟ್‌ನಲ್ಲಿ?

ಮನೆ ಒಂದು ಎಮಿರೇಟ್, ಶಾಲೆ ಇನ್ನೊಂದು ಎಂದು ಮಾಡಿಕೊಂಡವರು ಕಷ್ಟಪಡುತ್ತಾರೆ. ದುಬೈನ ಕೆಲವು ಶಾಲೆಗಳು ಶಾರ್ಜಾಕ್ಕೂ ಬಸ್ ಕಳಿಸುತ್ತವೆ, ನಿಜ. ಆದರೆ ಅದೇ ಗಡಿಯ ಟ್ರಾಫಿಕ್‌ನಲ್ಲಿ ಕೆಜಿ ಮಗು ಒಂದು ಗಂಟೆಗೂ ಹೆಚ್ಚು ಕೂರಬೇಕಾಗುತ್ತದೆ. ಸೀಟು ಖಚಿತ ಮಾಡುವ ಮುನ್ನ ಶಾಲೆಯ ಟ್ರಾನ್ಸ್‌ಪೋರ್ಟ್ ವಿಭಾಗದವರ ಹತ್ತಿರ ಕೇಳಬೇಕಾದ್ದು ಒಂದೇ: ಈ ಬಿಲ್ಡಿಂಗ್‌ನಿಂದ ಮಗುವನ್ನು ಎಷ್ಟು ಗಂಟೆಗೆ ಹತ್ತಿಸಿಕೊಳ್ಳುತ್ತೀರಿ? ಬಸ್ಸಿನ ರೂಟ್‌ನಲ್ಲಿ ಮೊದಲು ಹತ್ತುವ ಮಗುವಿಗೂ ಕೊನೆಗೆ ಹತ್ತುವ ಮಗುವಿಗೂ ತುಂಬಾ ವ್ಯತ್ಯಾಸ.

ಹೊಸಬರಿಗೆ ಗೊತ್ತಿರದ ಇನ್ನೊಂದು ಸಂಗತಿ ವಾರದ ರಜೆ. 2022ರ ಜನವರಿಯಿಂದ ಶಾರ್ಜಾದಲ್ಲಿ ಸರ್ಕಾರಿ ಕಚೇರಿಗಳಿಗೂ ಶಾಲೆಗಳಿಗೂ ಶುಕ್ರ, ಶನಿ, ಭಾನುವಾರ ಮೂರು ದಿನ ರಜೆ. ದುಬೈ ಶಾಲೆಗಳು ಶುಕ್ರವಾರ ಮಧ್ಯಾಹ್ನದೊಳಗೆ ಬಿಡುತ್ತವೆ. ಖಾಸಗಿ ಕಂಪೆನಿಯಲ್ಲಿ ಶುಕ್ರವಾರವೂ, ಎಷ್ಟೋ ಕಡೆ ಶನಿವಾರವೂ ಕೆಲಸ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಮಗು ಶಾರ್ಜಾ ಶಾಲೆಯಲ್ಲಿದ್ದರೆ ಶುಕ್ರವಾರ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮೊದಲೇ ಯೋಚಿಸಬೇಕು. ನಾಲ್ಕು ದಿನದಲ್ಲಿ ಪಾಠ ಮುಗಿಸಬೇಕಾದ ಕಾರಣ ಅಲ್ಲಿ ಶಾಲೆಯ ದಿನವೂ ಉದ್ದ.

ಸಿಬಿಎಸ್‌ಇ ಶಾಲೆಗಳಲ್ಲಿ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಊರಿನಲ್ಲಿ ಮೇ ರಜೆ ಮುಗಿಸಿ ಜೂನ್‌ಗೆ ಬಂದರಾಯಿತು ಎಂದುಕೊಂಡರೆ ಇಲ್ಲಿ ಎರಡು ತಿಂಗಳ ಪಾಠ ಆಗಿಹೋಗಿರುತ್ತದೆ, ಒಳ್ಳೆಯ ಶಾಲೆಗಳಲ್ಲಿ ಕೆಜಿ ಸೀಟೂ ಖಾಲಿ ಇರುವುದಿಲ್ಲ. ವಯಸ್ಸಿನ ಲೆಕ್ಕವೂ ಬೇರೆ. ಏಪ್ರಿಲ್ ಶಾಲೆಗಳಲ್ಲಿ ಮಾರ್ಚ್ 31ಕ್ಕೆ ನಾಲ್ಕು ತುಂಬಿದ್ದರೆ ಕೆಜಿ 1, ಆರು ತುಂಬಿದ್ದರೆ ಒಂದನೇ ಕ್ಲಾಸು. ಕರ್ನಾಟಕದಲ್ಲಿ ಜೂನ್ 1ಕ್ಕೆ ಲೆಕ್ಕ ಹಾಕುವುದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಹುಟ್ಟಿದ ಮಗು ಇಲ್ಲಿ ಒಂದು ಕ್ಲಾಸು ಹಿಂದೆ ಬೀಳಬಹುದು. ಶಾಲೆಯ ಅನುಮೋದಿತ ಫೀಸು ಎಷ್ಟು ಎಂಬುದು ದುಬೈನಲ್ಲಿ ಕೆಎಚ್‌ಡಿಎ ವೆಬ್‌ಸೈಟಿನಲ್ಲೇ ಸಿಗುತ್ತದೆ. ಶಾರ್ಜಾದ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವುದು ಶಾರ್ಜಾ ಪ್ರೈವೇಟ್ ಎಜುಕೇಶನ್ ಅಥಾರಿಟಿ.

ಯಾವ ಏರಿಯಾ ಯಾರಿಗೆ

ದುಬೈನ ಅಲ್ ನಹ್ದಾ, ಅಲ್ ಖುಸೈಸ್, ಮುಹೈಸ್ನಾ 4 ಭಾರತೀಯ ಕುಟುಂಬಗಳಿಗೆ ಹಳೆಯ ಪರಿಚಯದ ಜಾಗಗಳು. ಸುತ್ತಮುತ್ತ ಭಾರತೀಯ ಶಾಲೆಗಳು, ಗ್ರೋಸರಿ, ಕ್ಲಿನಿಕ್, ಊರಿನ ಅಕ್ಕಿ ತೆಂಗಿನೆಣ್ಣೆ ಎಲ್ಲ ಸಿಗುತ್ತದೆ. ನಹ್ದಾ ಮತ್ತು ಖುಸೈಸ್‌ಗೆ ಗ್ರೀನ್ ಲೈನ್ ಮೆಟ್ರೋ ಇದೆ, ಅದರ ಕೊನೆಯ ಸ್ಟೇಷನ್ ಇ ಆ್ಯಂಡ್, ಹಳಬರ ಬಾಯಲ್ಲಿ ಈಗಲೂ ಎತಿಸಲಾತ್. ಮೆಟ್ರೋ ಶಾರ್ಜಾಕ್ಕೆ ಹೋಗುವುದಿಲ್ಲ. ಬಾಡಿಗೆ ಸ್ವಲ್ಪ ಜಾಸ್ತಿ ಆದರೂ, ಸಣ್ಣ ಮಗು ಇದ್ದು ಕಾರು ಇಲ್ಲದವರಿಗೆ ಇದಕ್ಕಿಂತ ಸಲೀಸಾದ ಜಾಗ ಹುಡುಕುವುದು ಕಷ್ಟ.

ಗಡಿಯ ಆಚೆ ಶಾರ್ಜಾದ್ದೇ ಒಂದು ಅಲ್ ನಹ್ದಾ ಇದೆ. ಹೆಸರು ಒಂದೇ ಆದ್ದರಿಂದ ಜಾಹೀರಾತು ನೋಡಿ ಮೋಸ ಹೋಗುವವರಿದ್ದಾರೆ. ಸಹಾರಾ ಸೆಂಟರ್ ಸುತ್ತಲಿನ ಈ ಭಾಗ ದುಬೈಗೆ ತೀರಾ ಹತ್ತಿರ, ಆದರೆ ಬೆಳಿಗ್ಗೆ ಬಿಲ್ಡಿಂಗ್‌ನಿಂದ ಮುಖ್ಯರಸ್ತೆಗೆ ಬರುವುದೇ ದೊಡ್ಡ ಕೆಲಸ. ಅಲ್ ಮಜಾಝ್, ಅಬೂ ಶಗಾರಾ, ರೋಲಾ ಇನ್ನೂ ಒಳಗೆ. ಮುವೈಲಾ ಶಾಲೆಗಳ ಏರಿಯಾ. ಮಗುವಿಗೆ ಅಲ್ಲೇ ಸೀಟು ಸಿಕ್ಕಿದ್ದರೆ ಬಸ್ ಪ್ರಯಾಣ ಚಿಕ್ಕದು, ಎತಿಸಲಾತ್ ಸ್ಟೇಷನ್‌ಗೆ ಇ-315 ಬಸ್ ಕೂಡ ಇದೆ. ಶಾರ್ಜಾದ ಜುಬೈಲ್ ಬಸ್ ನಿಲ್ದಾಣದಿಂದ ಯೂನಿಯನ್‌ಗೆ ಇ-303, ಘುಬೈಬಾಗೆ ಇ-306 ಓಡುತ್ತದೆ.

ಅಜ್ಮಾನ್‌ನ ನುಐಮಿಯಾದಲ್ಲಿ ಬಾಡಿಗೆ ಇನ್ನೂ ಇಳಿಯುತ್ತದೆ. ಆದರೆ ದುಬೈಗೆ ಹೋಗಲು ಶಾರ್ಜಾವನ್ನೂ ದಾಟಬೇಕು. ದಿನಾ ದುಬೈಗೆ ಹೋಗಿಬರುವ, ಸಣ್ಣ ಮಕ್ಕಳಿರುವವರಿಗೆ ಅಜ್ಮಾನ್ ಹೇಳಿಸಿದ್ದಲ್ಲ. ಇಂಟರ್‌ನ್ಯಾಷನಲ್ ಸಿಟಿ ಅಗ್ಗ, ದುಬೈ ಒಳಗೇ ಇದೆ, ಆದರೆ ಸದ್ಯಕ್ಕೆ ಮೆಟ್ರೋ ಇಲ್ಲ. ಅಲ್ಲಿ ಹಾದುಹೋಗುವ ಬ್ಲೂ ಲೈನ್ 2029ಕ್ಕೆ ತೆರೆಯುವ ಯೋಜನೆ. ಅದನ್ನು ನಂಬಿ ಈಗಲೇ ಮನೆ ಹಿಡಿಯುವುದರಲ್ಲಿ ಅರ್ಥವಿಲ್ಲ. ಜೆಬೆಲ್ ಅಲಿಯಲ್ಲಿ ಕೆಲಸ ಮಾಡುವವರು ಶಾರ್ಜಾದ ಆಸೆಯನ್ನೇ ಬಿಡಬೇಕು, ಒಂದು ದಿಕ್ಕಿಗೇ 50 ಕಿ.ಮೀ.ಗೂ ಹೆಚ್ಚು. ಅವರಿಗೆ ರೆಡ್ ಲೈನ್ ಇರುವ ಡಿಸ್ಕವರಿ ಗಾರ್ಡನ್ಸ್ ಕಡೆಯೇ ಸರಿ.

ಕಾರ್ ಲಿಫ್ಟ್ ಬಗ್ಗೆ ಒಂದು ಮಾತು. ತಿಂಗಳಿಗೆ ಇಷ್ಟು ಎಂದು ಹಣ ಕೊಟ್ಟು ಖಾಸಗಿ ಕಾರಿನಲ್ಲಿ ಹೋಗುವುದು ಎಷ್ಟೇ ಮಾಮೂಲಿಯಾಗಿದ್ದರೂ ಪರ್ಮಿಟ್ ಇಲ್ಲದಿದ್ದರೆ ಕಾನೂನುಬಾಹಿರ. ಮಗುವನ್ನು ಶಾಲೆಗೆ ಕಳಿಸಲು ಇದನ್ನು ನೆಚ್ಚಿಕೊಳ್ಳಲೇಬಾರದು. ನಾಲ್ಕು ವರ್ಷದೊಳಗಿನ ಮಗುವಿಗೆ ಚೈಲ್ಡ್ ಸೀಟ್ ಕಡ್ಡಾಯ, ಹತ್ತು ವರ್ಷದೊಳಗಿನವರನ್ನು ಮುಂದಿನ ಸೀಟಿನಲ್ಲಿ ಕೂರಿಸುವಂತಿಲ್ಲ. ಲಿಫ್ಟ್ ಕಾರುಗಳಲ್ಲಿ ಇದನ್ನೆಲ್ಲ ಯಾರೂ ನೋಡುವುದಿಲ್ಲ.

ಹಗಲೆಲ್ಲ ಮನೆಯಲ್ಲಿರುವವರು

ಮನೆ ಆರಿಸುವುದು ಗಂಡ, ಅದರಲ್ಲಿ ಹಗಲು ಕಳೆಯುವುದು ಹೆಂಡತಿ ಮತ್ತು ಮಗು. ಹೊಸದಾಗಿ ಬಂದವರ ಬಳಿ ಇಲ್ಲಿನ ಲೈಸೆನ್ಸ್ ಇರುವುದಿಲ್ಲ, ಭಾರತದ ಲೈಸೆನ್ಸ್ ಇದ್ದರೂ ರೆಸಿಡೆಂಟ್ ಆದ ಮೇಲೆ ಅದರಲ್ಲಿ ಓಡಿಸುವಂತಿಲ್ಲ. ಹಾಗಾಗಿ ಮಗುವಿಗೆ ಜ್ವರ ಬಂದರೆ ನಡೆದು ಹೋಗುವಷ್ಟು ದೂರದಲ್ಲಿ ಕ್ಲಿನಿಕ್ ಇದೆಯೇ, ಅದು ಕುಟುಂಬದ ಇನ್ಶೂರೆನ್ಸ್ ನೆಟ್‌ವರ್ಕ್‌ನಲ್ಲಿದೆಯೇ ಎಂದು ನೋಡಬೇಕು. ದುಬೈ ವೀಸಾದ ಬೇಸಿಕ್ ಪ್ಲಾನ್ ಶಾರ್ಜಾದ ಎಲ್ಲ ಕ್ಲಿನಿಕ್‌ಗಳಲ್ಲಿ ನಡೆಯುತ್ತದೆ ಎಂದುಕೊಳ್ಳಬಾರದು. ಇನ್ಶೂರೆನ್ಸ್ ಕಂಪೆನಿಯ ಪಟ್ಟಿಯಲ್ಲಿ ಮಕ್ಕಳ ಡಾಕ್ಟರ ಹೆಸರು ಹುಡುಕಿಯೇ ಮುಂದುವರಿಯಬೇಕು.

ಮ್ಯಾಪ್‌ನಲ್ಲಿ ಐದು ನಿಮಿಷದ ನಡಿಗೆ ಎಂದಿದ್ದರೂ ಬೇಸಿಗೆಯಲ್ಲಿ ಅದು ಐದು ನಿಮಿಷ ಅಲ್ಲ. ಗಟ್ಟಿಮುಟ್ಟಾದ ಕಾರ್ಮಿಕರಿಗೇ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ನಿಷೇಧಿಸಿರುವ ದೇಶ ಇದು. ಕೆಳಗೇ ಗ್ರೋಸರಿ ಇರುವ, ಸಂಜೆ ಮಕ್ಕಳು ಆಡಲು ಪಾರ್ಕ್ ಹತ್ತಿರವಿರುವ ಬಿಲ್ಡಿಂಗ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಅದೇ ಬಿಲ್ಡಿಂಗ್‌ನಲ್ಲಿ ಕನ್ನಡವೋ ತುಳುವೋ ಬ್ಯಾರಿಯೋ ಮಾತಾಡುವ ಒಂದು ಮನೆ ಇದ್ದರೆ ಮೊದಲ ಆರು ತಿಂಗಳು ಹೇಗೋ ಸಾಗುತ್ತದೆ.

ಬಿಲ್ಡಿಂಗ್ ಮತ್ತು ಕಾಗದಪತ್ರ

ಎತ್ತರದ ಮಹಡಿಯ ಕಿಟಕಿ, ಬಾಲ್ಕನಿಗಳಿಂದ ಸಣ್ಣ ಮಕ್ಕಳು ಬಿದ್ದ ಸುದ್ದಿ ಶಾರ್ಜಾದಿಂದ ಮತ್ತೆ ಮತ್ತೆ ಬಂದಿದೆ. ಫ್ಲ್ಯಾಟ್ ನೋಡಲು ಹೋದಾಗ ಹಾಲ್ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಮೊದಲು ಕಿಟಕಿ ಎಷ್ಟು ತೆರೆಯುತ್ತದೆ, ಲಾಕ್ ಹಾಕಿಸಬಹುದೇ ಎಂದು ಕೈಯಿಂದ ತಳ್ಳಿ ನೋಡಬೇಕು. ಕಿಟಕಿ ಪಕ್ಕ ಮಂಚ, ಸೋಫಾ ಇಡದಷ್ಟು ಜಾಗ ಕೋಣೆಯಲ್ಲಿರಬೇಕು. 2024ರ ಏಪ್ರಿಲ್ 16ರ ಮಳೆಗೆ ಶಾರ್ಜಾದ ಮಜಾಝ್, ಖಾಸಿಮಿಯಾ ಭಾಗಗಳಲ್ಲಿ ದಿನಗಟ್ಟಲೆ ನೀರು ನಿಂತು, ಕರೆಂಟು, ಲಿಫ್ಟ್ ಇಲ್ಲದೆ ಮಕ್ಕಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದವರಿದ್ದಾರೆ. ಆ ವಾರ ಏನಾಯಿತು ಎಂದು ವಾಚ್‌ಮನ್‌ನನ್ನು ಕೇಳಿದರೆ ಏಜೆಂಟ್ ಹೇಳದ್ದು ಗೊತ್ತಾಗುತ್ತದೆ.

ಖರ್ಚು ಉಳಿಸಲು ಇನ್ನೊಂದು ಫ್ಯಾಮಿಲಿಯ ಜೊತೆ ಪಾರ್ಟಿಷನ್ ಹಾಕಿ ಶೇರಿಂಗ್ ಇರುವುದು ಮಗು ಇರುವವರಿಗೆ ತಕ್ಕದ್ದಲ್ಲ. ಅನುಮತಿಯಿಲ್ಲದ ಪಾರ್ಟಿಷನ್‌ಗಳನ್ನು ದುಬೈ ಮುನಿಸಿಪಾಲಿಟಿ 2025ರಲ್ಲಿ ಹಲವು ಏರಿಯಾಗಳಲ್ಲಿ ತೆರವು ಮಾಡಿಸಿದೆ. ಒಪ್ಪಂದ ಸ್ವಂತ ಹೆಸರಿನಲ್ಲಿರಬೇಕು, ದುಬೈನಲ್ಲಾದರೆ ಇಜಾರಿ, ಶಾರ್ಜಾದಲ್ಲಾದರೆ ಮುನಿಸಿಪಾಲಿಟಿಯ ದೃಢೀಕರಣ ಆಗಬೇಕು. ಶಾರ್ಜಾದಲ್ಲಿ ಈ ದೃಢೀಕರಣಕ್ಕೆ ಬಾಡಿಗೆಯ ಮೇಲೆ ಶೇಕಡಾವಾರು ಶುಲ್ಕ ಇರುವುದರಿಂದ ಅದನ್ನು ಯಾರು ಕಟ್ಟುವುದು ಎಂದು ಮೊದಲೇ ಮಾತಾಡಿಕೊಳ್ಳಬೇಕು. ದುಬೈ ಫ್ಲ್ಯಾಟ್‌ಗೆ ದೇವಾ ಡೆಪಾಸಿಟ್ 2,000 ದಿರ್ಹಮ್. ಶಾರ್ಜಾದ 2024ರ ಬಾಡಿಗೆ ಕಾನೂನಿನ ಪ್ರಕಾರ ಮೊದಲ ಮೂರು ವರ್ಷ ಬಾಡಿಗೆ ಏರಿಸುವಂತಿಲ್ಲ, ಇದು ಅಲ್ಲಿರುವವರಿಗೆ ದೊಡ್ಡ ಅನುಕೂಲ. ದುಬೈನಲ್ಲಿ ಏರಿಸಬೇಕಿದ್ದರೆ ಒಪ್ಪಂದ ಮುಗಿಯುವ 90 ದಿನ ಮೊದಲು ತಿಳಿಸಬೇಕು, ಎಷ್ಟು ಏರಿಸಬಹುದು ಎಂಬುದನ್ನು ರೆಂಟಲ್ ಇಂಡೆಕ್ಸ್ ಹೇಳುತ್ತದೆ.

ಚೆಕ್ ಬರೆಯುವ ಮುಂಚೆ ಒಂದು ಸೋಮವಾರ ಬೆಳಿಗ್ಗೆ ಆ ಬಿಲ್ಡಿಂಗ್‌ನ ಬಾಗಿಲಿನಿಂದ ಆಫೀಸಿನ ಬಾಗಿಲಿನವರೆಗೆ ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸ್ ಬಂದು ನೋಡಬೇಕು. ಶುಕ್ರವಾರ ಮಧ್ಯಾಹ್ನ ಏಜೆಂಟ್ ಕಾರಿನಲ್ಲಿ ಹೋದಾಗ ಹದಿನೈದು ನಿಮಿಷ ಹಿಡಿದ ದಾರಿಗೆ ಅವತ್ತು ಎಷ್ಟು ಹೊತ್ತು ಹಿಡಿಯುತ್ತದೋ ನೋಡಿಕೊಂಡು ಆಮೇಲೆ ಸಹಿ ಹಾಕಿದರಾಯಿತು.